ಕಡತ ಏರಿಸುವ ಸೇವೆಗಳು: ಗ್ರಾಹಕರ ಅಭಿಪ್ರಾಯಗಳನ್ನು ಅರಿಯುವ ಬಗೆ

ಮಗುವಿನ ಶಾಲಾ ಪ್ರವೇಶವಿರಲಿ, ಪಾಸ್‌ಪೋರ್ಟಿನ ಅರ್ಜಿಯಿರಲಿ, ಸಂಘದ ಸ್ಮರಣ ಸಂಚಿಕೆಗೆ ಕಳುಹಿಸುವ ಲೇಖನವಿರಲಿ, ಇಂದು ಭಾವಚಿತ್ರವನ್ನೋ ದಾಖಲೆಯನ್ನೋ ಅಂತರ್ಜಾಲಕ್ಕೆ ಏರಿಸದೆ ಕೆಲಸ ಮುಂದೆ ಸಾಗುವುದು ಅಪರೂಪ. ಭಾವಚಿತ್ರ ಇಷ್ಟು ಕೆಬಿ ಮೀರಬಾರದು, ಸಹಿ ಇಷ್ಟು ಅಗಲವಿರಬೇಕು ಎಂಬ ಸೂಚನೆಗಳೊಡನೆ ಹೆಣಗಾಡದ ಕುಟುಂಬವಿರಲಾರದು. ನಾವು ಒತ್ತುವ ಆ ಗುಂಡಿಗೂ ಕಡತವು ಕೊನೆಗೆ ಸೇರುವ ಉಗ್ರಾಣಕ್ಕೂ ನಡುವೆ, ಬಹಳಷ್ಟು ಜಾಲತಾಣಗಳಲ್ಲಿ, ಬಾಡಿಗೆಗೆ ಪಡೆದ ಮೂರನೆಯವರ ಸೇವೆಯೊಂದು ಕುಳಿತಿರುತ್ತದೆ. ಅದರ ಹೆಸರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಈ ಸೇವೆಯನ್ನು ಆರಿಸುವವರು ಜಾಲತಾಣ ನಿರ್ಮಿಸುವ ತಂತ್ರಜ್ಞರು. ಪುಣೆ, ಹೈದರಾಬಾದ್, ಚೆನ್ನೈ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಮನೆಗಳ ಎಷ್ಟೋ ಮಕ್ಕಳು ಈ ವೃತ್ತಿಯಲ್ಲಿದ್ದಾರೆ. ಅವರು ಆಯ್ಕೆಗೆ ಮೊದಲು ನೋಡುವುದು ಇತರ ಗ್ರಾಹಕರ ಅಭಿಪ್ರಾಯಗಳನ್ನು. ಆ ಅಭಿಪ್ರಾಯಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು, ಅವುಗಳನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನೀಡುತ್ತಿದ್ದೇವೆ. ಸೇವೆಗೆ ಸೇರಿದ ದಿನ ಬರೆದ ಹೊಗಳಿಕೆಗಿಂತ ಸೇವೆಯನ್ನು ಬಿಟ್ಟು ಹೊರಟ ದಿನ ಬರೆದ ಮಾತಿಗೆ ಹೆಚ್ಚಿನ ಬೆಲೆಯಿದೆ ಎಂಬುದು ನಾವು ಕಂಡುಕೊಂಡ ಸಾರ.

ಸೇವೆಯ ಹುಟ್ಟು ಮತ್ತು ಬೆಳವಣಿಗೆ

ಜಾಲಪುಟದ ಅರ್ಜಿಯ ಮೂಲಕವೇ ಕಡತವನ್ನು ಕಳುಹಿಸುವ ಕ್ರಮವನ್ನು ಜೆರಾಕ್ಸ್ ಸಂಸ್ಥೆಯ ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮಸಿಂಟರ್ ಅವರು 1995ರ ನವೆಂಬರಿನಲ್ಲಿ ಆರ್‌ಎಫ್‌ಸಿ 1867 ಎಂಬ ಪ್ರಸ್ತಾವದಲ್ಲಿ ವಿವರಿಸಿದರು. ಅರ್ಜಿಯ ಅಕ್ಷರಗಳು ಹಾಗೂ ಕಡತದ ಒಡಲು ಒಂದೇ ಲಕೋಟೆಯೊಳಗೆ ಬೇರೆ ಬೇರೆ ಭಾಗಗಳಾಗಿ ಹೋಗುವ ವಿಧಾನವದು. ಇಂದಿಗೂ ಮೂಲ ತತ್ತ್ವ ಅದೇ ಆಗಿದೆ.

ತತ್ತ್ವ ಸರಳವಾದರೂ ಆಚರಣೆಯಲ್ಲಿ ತೊಡಕುಗಳು ಹಲವು. ಪಿಎಚ್‌ಪಿ ಭಾಷೆಯಲ್ಲಿ ಯಾರೂ ಬದಲಿಸದಿದ್ದರೆ ಒಂದು ಕಡತದ ಮಿತಿ 2 ಎಂಬಿ ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೇ ಅದನ್ನು ಮೀರಬಹುದು. ರೈಲಿನಲ್ಲಿ ಕುಳಿತು ಕಳುಹಿಸುವಾಗ ಸಂಪರ್ಕ ಕಡಿದರೆ ಮೊದಲಿನಿಂದ ಮತ್ತೆ ಆರಂಭಿಸಬೇಕು. ಚಿತ್ರದ ಹೆಸರಿನಲ್ಲಿ ಬೇರೇನೋ ಬಂದರೆ ಅದನ್ನು ಗುರುತಿಸಬೇಕು. 2016ರ ಮೇ ತಿಂಗಳಿನಲ್ಲಿ, ಚಿತ್ರಗಳ ಗಾತ್ರ ಬದಲಿಸಲು ಅಸಂಖ್ಯಾತ ಜಾಲತಾಣಗಳು ಬಳಸುತ್ತಿದ್ದ ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ದೋಷವೊಂದು ಬಯಲಾಯಿತು. ಚಿತ್ರದ ವೇಷದಲ್ಲಿ ಬಂದ ಕಡತವು ಸರ್ವರ್‌ಗೆ ಆಜ್ಞೆಗಳನ್ನೇ ನೀಡಬಹುದಾಗಿತ್ತು. ಕಡತ ಸ್ವೀಕರಿಸುವುದೆಂದರೆ ಮನೆಯ ಬಾಗಿಲು ತೆರೆದಂತೆ ಎಂಬುದನ್ನು ಆ ಪ್ರಸಂಗವು ತೋರಿಸಿಕೊಟ್ಟಿತು.

ಅಮೆಜಾನ್ ಸಂಸ್ಥೆಯು 2006ರ ಮಾರ್ಚಿನಲ್ಲಿ ಎಸ್3 ಎಂಬ ಉಗ್ರಾಣ ಸೇವೆಯನ್ನು ಆರಂಭಿಸಿದ ಬಳಿಕ, ಬಳಸಿದಷ್ಟಕ್ಕೆ ಮಾತ್ರ ಹಣ ಕೊಟ್ಟು ಕಡತಗಳನ್ನು ಇಡುವುದು ಸಣ್ಣ ಸಂಸ್ಥೆಗಳಿಗೂ ಸಾಧ್ಯವಾಯಿತು. ಆರಂಭದಲ್ಲಿ ಒಂದು ಕಡತಕ್ಕೆ 5 ಜಿಬಿ ಮಿತಿಯಿತ್ತು. 2010ರಲ್ಲಿ ದೊಡ್ಡ ಕಡತವನ್ನು ತುಂಡುಗಳಾಗಿ ಕಳುಹಿಸುವ ವ್ಯವಸ್ಥೆ ಬಂದು, ಮಿತಿಯು 5 ಟಿಬಿಗೆ ಏರಿತು. ಒಂದು ತುಂಡು ಹಾಳಾದರೆ ಅದನ್ನಷ್ಟೇ ಮತ್ತೆ ಕಳುಹಿಸಿದರೆ ಸಾಕು. ಕಡಿದ ಸಂಪರ್ಕವನ್ನು ನಿಂತಲ್ಲಿಂದಲೇ ಮುಂದುವರಿಸುವ ಟಸ್ ಎಂಬ ಮುಕ್ತ ಕ್ರಮವು 2013ರಲ್ಲಿ ರೂಪುಗೊಳ್ಳಲಾರಂಭಿಸಿತು.

ಉಗ್ರಾಣವಿದ್ದ ಮಾತ್ರಕ್ಕೆ ಸಾಲದು, ಅದರ ಮುಂದೆ ಬಾಗಿಲು, ಕಾವಲು, ತಕ್ಕಡಿ ಎಲ್ಲವೂ ಬೇಕು. ಕಡತವನ್ನು ಆರಿಸುವ ಸಿದ್ಧ ಕಿಟಕಿ, ವೈರಸ್ ತಪಾಸಣೆ, ಚಿತ್ರದ ಗಾತ್ರ ಇಳಿಸುವಿಕೆ, ಓದುಗನಿಗೆ ಸಮೀಪದ ಕೇಂದ್ರದಿಂದ ತಲುಪಿಸುವಿಕೆ ಇವೆಲ್ಲವನ್ನೂ ಒಟ್ಟಿಗೆ ಒದಗಿಸುವುದೇ ಕಡತ ಏರಿಸುವ ಸೇವೆ. ಟ್ರಾನ್ಸ್‌ಲೋಡಿಟ್, ಅಪ್‌ಲೋಡ್‌ಕೇರ್, ಇಸ್ರೇಲಿನಲ್ಲಿ ಹುಟ್ಟಿದ ಕ್ಲೌಡಿನರಿ, ಫೈಲ್‌ಪಿಕರ್ ಎಂಬ ಹೆಸರಿನಲ್ಲಿ ಆರಂಭವಾಗಿ 2015ರಲ್ಲಿ ಹೆಸರು ಬದಲಿಸಿದ ಫೈಲ್‌ಸ್ಟ್ಯಾಕ್, ಇತ್ತೀಚಿನ ಅಪ್‌ಲೋಡ್‌ಥಿಂಗ್ ಮೊದಲಾದವು ಈ ಕ್ಷೇತ್ರದಲ್ಲಿ ಪರಿಚಿತ ಹೆಸರುಗಳು.

ಗ್ರಾಹಕರು ಮೆಚ್ಚುವ ಅಂಶಗಳು

ಇಂತಹ ಸೇವೆಗಳ ಬಗೆಗಿನ ಅಭಿಪ್ರಾಯಗಳನ್ನು ಓದುತ್ತ ಹೋದಂತೆ ಮೆಚ್ಚುಗೆಯ ಕಾರಣಗಳು ಮತ್ತೆ ಮತ್ತೆ ಅವೇ ಎಂಬುದು ತಿಳಿಯುತ್ತದೆ. ಕೆಲವೇ ಸಾಲು ಬರೆದು ಜಾಲತಾಣಕ್ಕೆ ಜೋಡಿಸಬಹುದು ಎಂಬುದು ಮೊದಲನೆಯದು. ವಿವರಣಾ ಪುಟಗಳು ಸ್ಪಷ್ಟವಾಗಿವೆ, ಉದಾಹರಣೆಗಳು ಹಾಗೆಯೇ ಕೆಲಸ ಮಾಡುತ್ತವೆ ಎಂಬುದು ಎರಡನೆಯದು. ಪತ್ರ ಬರೆದರೆ ತಿಳಿದವರೇ ಉತ್ತರಿಸುತ್ತಾರೆ ಎಂಬುದು ಮೂರನೆಯದು.

ಈ ಮೆಚ್ಚುಗೆ ಸುಳ್ಳಲ್ಲ. ಇಬ್ಬರೇ ತಂತ್ರಜ್ಞರಿರುವ ಸಣ್ಣ ಸಂಸ್ಥೆಯೊಂದು ಬಾಗಿಲು, ಕಾವಲು, ತಕ್ಕಡಿಗಳನ್ನು ತಾನೇ ಕಟ್ಟಿಕೊಳ್ಳಲು ವಾರಗಳು ಬೇಕು, ಕಾಪಾಡಿಕೊಳ್ಳಲು ವರ್ಷಗಳು ಬೇಕು. ಆದರೆ ಗಮನಿಸಬೇಕಾದ ಸಂಗತಿಯೆಂದರೆ ಈ ಹೊಗಳಿಕೆಯೆಲ್ಲ ಮೊದಲ ವಾರದ ಅನುಭವಕ್ಕೆ ಸೇರಿದ್ದು. ಹೊಸ ಮನೆಗೆ ಬಂದ ದಿನ ಗೋಡೆಯ ಬಣ್ಣ ಕಾಣುತ್ತದೆ, ಮಾಳಿಗೆ ಸೋರುವುದು ಮಳೆಗಾಲದಲ್ಲಿ ತಿಳಿಯುತ್ತದೆ.

ದೂರುಗಳು ಮತ್ತು ಲೆಕ್ಕದ ಮರ್ಮ

ದೂರುಗಳ ಪೈಕಿ ದೊಡ್ಡದು ಬೆಲೆಯದು. ಸೇವೆಗಳು ಹಣವನ್ನು ಒಂದೇ ಅಳತೆಯಲ್ಲಿ ಕೇಳುವುದಿಲ್ಲ. ಇಟ್ಟ ಕಡತಗಳ ಗಾತ್ರ, ಓದುಗರಿಗೆ ಸಾಗಿಸಿದ ಒಟ್ಟು ಪ್ರಮಾಣ, ಚಿತ್ರಗಳನ್ನು ಬದಲಿಸಿದ ಬಾರಿ ಹೀಗೆ ಹಲವು ಅಳತೆಗಳಿರುತ್ತವೆ.

ಒಂದು ಉದಾಹರಣೆ ನೋಡೋಣ. ರಾಜ್ಯೋತ್ಸವ ಸಮಾರಂಭದ 40 ಚಿತ್ರಗಳನ್ನು, ಪ್ರತಿಯೊಂದೂ 500 ಕೆಬಿ ಇರುವಂತೆ, ಸಂಘವೊಂದು ತನ್ನ ಜಾಲತಾಣಕ್ಕೆ ಏರಿಸಿತೆಂದು ಭಾವಿಸೋಣ. ಇಟ್ಟದ್ದು ಕೇವಲ 20 ಎಂಬಿ. ಆ ಪುಟವನ್ನು 2,000 ಬಾರಿ ಪೂರ್ತಿಯಾಗಿ ನೋಡಿದರೆ ಸಾಗಣೆಯಾಗುವುದು ಸುಮಾರು 40 ಜಿಬಿ. ಇಟ್ಟದ್ದರ ಎರಡು ಸಾವಿರ ಪಟ್ಟು! ಉಚಿತ ಯೋಜನೆ ಎಂದು ಸೇರಿದವರು ಒಂದೇ ಸಮಾರಂಭದಿಂದ ಮಿತಿ ಮೀರುವುದು ಹೀಗೆ. ಮೀರಿದಾಗ ಅಷ್ಟಕ್ಕೆ ಮಾತ್ರ ಹಣ ಕೇಳುವ ಸೇವೆಗಳಿವೆ. ಒಮ್ಮೆಲೇ ಮೇಲಿನ ಮೆಟ್ಟಿಲಿಗೆ ಏರಿರೆನ್ನುವ ಸೇವೆಗಳೂ ಇವೆ. ಮಿತಿ ಮೀರಿದವರ ಅಭಿಪ್ರಾಯಕ್ಕೂ ಮೀರದವರ ಅಭಿಪ್ರಾಯಕ್ಕೂ ಅಜಗಜಾಂತರವಿರಲು ಇದೇ ಕಾರಣ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಎರಡನೆಯ ದೂರು ಬಿಡುಗಡೆಯ ಕಷ್ಟ. ಕಡತಗಳ ವಿಳಾಸಗಳೆಲ್ಲ ಸೇವೆಯ ಹೆಸರಿನಲ್ಲಿಯೇ ಇದ್ದರೆ, ಬೇರೆಡೆಗೆ ಹೋಗುವಾಗ ಜಾಲತಾಣದ ಪ್ರತಿಯೊಂದು ಪುಟವನ್ನೂ ತಿದ್ದಬೇಕಾಗುತ್ತದೆ. ಸೇರುವ ದಿನ ಇದನ್ನು ಯೋಚಿಸುವವರು ವಿರಳ.

ಅಭಿಪ್ರಾಯಗಳು ಮುನ್ಸೂಚನೆ ನೀಡಲಾರದ ಮೂರು ಪ್ರಸಂಗಗಳು

ಮೊದಲನೆಯದು ಫೋಟೊಬಕೆಟ್. 2003ರಲ್ಲಿ ಆರಂಭವಾದ ಈ ಅಮೆರಿಕದ ಚಿತ್ರಸಂಗ್ರಹ ಸೇವೆಯಲ್ಲಿ ಚಿತ್ರವನ್ನಿಟ್ಟು ಅದರ ಕೊಂಡಿಯನ್ನು ಇತರ ಜಾಲತಾಣಗಳಲ್ಲಿ ಬಳಸುವುದು ಬಹುಕಾಲ ರೂಢಿಯಲ್ಲಿತ್ತು. ಲಕ್ಷಾಂತರ ಜನ ಅದನ್ನು ಮೆಚ್ಚಿದ್ದರು. 2017ರ ಜೂನ್ ಕೊನೆಯಲ್ಲಿ ಸಂಸ್ಥೆಯು ನಿಯಮವನ್ನು ಬದಲಿಸಿ, ಹೊರಗಿನ ತಾಣಗಳಲ್ಲಿ ಚಿತ್ರ ಕಾಣಬೇಕಾದರೆ ವರ್ಷಕ್ಕೆ 399.99 ಡಾಲರ್ ನೀಡಬೇಕೆಂದಿತು. ಕೈತೋಟ, ಹೊಲಿಗೆ, ಕಾರು ದುರಸ್ತಿಯ ಕುರಿತು ವರ್ಷಗಟ್ಟಲೆ ಬರೆದಿಟ್ಟ ಪುಟಗಳಲ್ಲಿ ಚಿತ್ರಗಳ ಬದಲು ಹಣ ಕೇಳುವ ಫಲಕಗಳು ಕಾಣಿಸಿಕೊಂಡವು. ಮರುವರ್ಷ ಸಂಸ್ಥೆಯು ದರವನ್ನು ಇಳಿಸಿತಾದರೂ ಕಳೆದುಹೋದ ವಿಶ್ವಾಸ ಸುಲಭವಾಗಿ ಮರಳುವಂಥದಲ್ಲ.

ಎರಡನೆಯದು ಪಾರ್ಸ್. ಮೊಬೈಲ್ ತಂತ್ರಾಂಶ ನಿರ್ಮಿಸುವವರಿಗೆ ಕಡತ ಹಾಗೂ ಮಾಹಿತಿಗಳನ್ನು ಇಡಲು ನೆರವಾಗುತ್ತಿದ್ದ ಈ ಸೇವೆಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡಿತ್ತು. 2016ರ ಜನವರಿ 28ರಂದು ಮುಚ್ಚುವ ನಿರ್ಧಾರವನ್ನು ಪ್ರಕಟಿಸಿದ ಸಂಸ್ಥೆಯು ಗ್ರಾಹಕರಿಗೆ ಒಂದು ವರ್ಷದ ಅವಧಿ ನೀಡಿತು. ತಾವೇ ನಡೆಸಿಕೊಳ್ಳಬಹುದಾದ ಸರ್ವರ್ ತಂತ್ರಾಂಶವನ್ನು ಮುಕ್ತವಾಗಿ ಬಿಡುಗಡೆ ಮಾಡಿ, ಮಾಹಿತಿಯನ್ನು ಸಾಗಿಸುವ ಸಲಕರಣೆಯನ್ನೂ ಒದಗಿಸಿತು. 2017ರ ಜನವರಿ 30ರಂದು ಸೇವೆ ನಿಂತಿತು. ಗ್ರಾಹಕರಿಗೆ ಬೇಸರವಾಯಿತೆಂಬುದು ನಿಜ, ಆದರೆ ಗಂಟುಮೂಟೆ ಕಟ್ಟಿಕೊಳ್ಳಲು ಕಾಲಾವಕಾಶವಿತ್ತು. ಮೊದಲಿನ ಪ್ರಸಂಗಕ್ಕೂ ಇದಕ್ಕೂ ಇರುವ ಅಂತರವೇ ಇಲ್ಲಿಯ ಪಾಠ.

ಮೂರನೆಯದು ಎಸ್3 ಸೇವೆಯದೇ. 2017ರ ಫೆಬ್ರವರಿ 28ರಂದು ಅಮೆರಿಕದ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ ಸಿಬ್ಬಂದಿಯೊಬ್ಬರು ಟೈಪು ಮಾಡಿದ ಆಜ್ಞೆಯಲ್ಲಿ ತಪ್ಪಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಸೇವೆಯಿಂದ ಹೊರಬಿದ್ದವು. ಸುಮಾರು ನಾಲ್ಕು ಗಂಟೆಗಳ ಕಾಲ ಅಸಂಖ್ಯಾತ ಜಾಲತಾಣಗಳು ತತ್ತರಿಸಿದವು. ಸೇವೆಯ ಸ್ಥಿತಿಗತಿ ತಿಳಿಸಬೇಕಾದ ಫಲಕವೂ ಎಸ್3 ಅನ್ನೇ ಅವಲಂಬಿಸಿದ್ದುದರಿಂದ ಅದನ್ನು ಕೂಡಲೇ ತಿದ್ದಲು ಸಾಧ್ಯವಾಗಲಿಲ್ಲ. ಬಳಿಕ ಸಂಸ್ಥೆಯು ಕಾರಣವನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿತು. ತಪ್ಪಾಗದ ಸೇವೆಯೆಂಬುದಿಲ್ಲ. ತಪ್ಪಾದಾಗ ಸಂಸ್ಥೆ ಹೇಗೆ ನಡೆದುಕೊಂಡಿತು ಎಂದು ತಿಳಿಸುವ ಅಭಿಪ್ರಾಯವೇ ಹೆಚ್ಚು ಉಪಯುಕ್ತವಾದುದು.

ಅಭಿಪ್ರಾಯಗಳ ಸಾಚಾತನ

ಸೇವೆಯ ಸ್ವಂತ ಪುಟದಲ್ಲಿ ಕಾಣುವ ಗ್ರಾಹಕರ ಮಾತುಗಳು ಸಂಸ್ಥೆಯೇ ಆಯ್ದು ಇಟ್ಟವು. ಅವನ್ನು ಜಾಹೀರಾತೆಂದು ಓದಬೇಕು. ವಿಮರ್ಶೆ ಬರೆದವರಿಗೆ ಉಡುಗೊರೆ ಕಾರ್ಡು ನೀಡುವ ಪದ್ಧತಿ ಕೆಲವು ವಿಮರ್ಶಾ ತಾಣಗಳಲ್ಲಿದೆ. ಇದರಿಂದ ಬರೆದದ್ದೆಲ್ಲ ಸುಳ್ಳೆಂದಾಗದು, ಆದರೆ ಬಿಡುವಿಲ್ಲದೆ ಬರೆಯದೇ ಉಳಿದವರ ಅನುಭವ ಲೆಕ್ಕಕ್ಕೆ ಬಂದಿಲ್ಲವೆಂಬುದನ್ನು ನೆನಪಿಡಬೇಕು.

ನಮ್ಮ ದೇಶದಲ್ಲಿ ಭಾರತೀಯ ಮಾನಕ ಸಂಸ್ಥೆಯು 2022ರ ನವೆಂಬರಿನಲ್ಲಿ ಐಎಸ್ 19000:2022 ಎಂಬ ಮಾನಕವನ್ನು ಹೊರತಂದು, ಅಂತರ್ಜಾಲದ ಗ್ರಾಹಕ ವಿಮರ್ಶೆಗಳನ್ನು ಸಂಗ್ರಹಿಸುವ, ಪರಿಶೀಲಿಸುವ ಹಾಗೂ ಪ್ರಕಟಿಸುವ ರೀತಿಯನ್ನು ನಿರೂಪಿಸಿತು. ಆರಂಭದಲ್ಲಿ ಅದನ್ನು ಸ್ವಯಂಪ್ರೇರಣೆಯಿಂದ ಪಾಲಿಸುವ ಮಾನಕವಾಗಿಯೇ ಜಾರಿಗೆ ತರಲಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರೂಪಿಸಿದ, ಸುಳ್ಳು ವಿಮರ್ಶೆಗಳನ್ನು ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸುವ ನಿಯಮವು 2024ರ ಅಕ್ಟೋಬರ್ 21ರಂದು ಜಾರಿಗೆ ಬಂದಿತು. ಕಾನೂನು ಸುಳ್ಳನ್ನು ತಡೆಯಲು ಯತ್ನಿಸಬಹುದು, ಆದರೆ ಅವಸರದ ಮಾತನ್ನು ತಡೆಯಲಾರದು.

ಕನ್ನಡದ ಪರೀಕ್ಷೆ

ನಾವು ಓದಿದ ಯಾವ ಅಭಿಪ್ರಾಯದಲ್ಲಿಯೂ ಕಾಣದ ಒಂದು ವಿಷಯವಿದೆ. ಅದು ಕಡತದ ಹೆಸರು ಕನ್ನಡದಲ್ಲಿದ್ದರೆ ಏನಾಗುವುದು ಎಂಬುದು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಒತ್ತಕ್ಷರ, ಗುಣಿತಗಳಿಗೆ ಹಲವು ಸಂಕೇತಗಳು ಬೇಕಾಗುತ್ತವೆ. ಲಿನಕ್ಸ್ ಸರ್ವರ್‌ಗಳಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ 255 ಬೈಟ್‌ಗಳ ಮಿತಿಯಿರುವುದರಿಂದ ಕನ್ನಡದ ಹೆಸರು 85 ಸಂಕೇತಗಳಿಗೇ ಮುಗಿಯುತ್ತದೆ. ಜಾಲವಿಳಾಸದಲ್ಲಿ ಅದೇ ಹೆಸರನ್ನು ಶೇಕಡಾ ಚಿಹ್ನೆಗಳ ರೂಪಕ್ಕೆ ಇಳಿಸಿದರೆ ಒಂದೊಂದು ಸಂಕೇತವೂ ಒಂಬತ್ತು ಅಕ್ಷರಗಳಷ್ಟು ಉದ್ದವಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ರಾಜ್ಯೋತ್ಸವ ಎಂಬ ಪದದ ಓಕಾರದ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರ, ದೀರ್ಘ ಎಂದು ಮೂರಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಯಂತ್ರಕ್ಕೆ ಬೇರೆ ಬೇರೆ. ಮ್ಯಾಕ್ ಗಣಕಗಳ ಹಳೆಯ ಕಡತ ವ್ಯವಸ್ಥೆಯು ಹೆಸರುಗಳನ್ನು ಹೀಗೆ ಒಡೆದೇ ಇಡುತ್ತಿತ್ತು. ಅಲ್ಲಿಂದ ಏರಿಸಿದ ಕಡತವನ್ನು ವಿಂಡೋಸ್ ಗಣಕದಿಂದ ಹುಡುಕಿದರೆ, ಸೇವೆಯು ಎರಡನ್ನೂ ಏಕರೂಪಕ್ಕೆ ತರದಿದ್ದಲ್ಲಿ, ಕಡತವಿಲ್ಲ ಎಂಬ ಉತ್ತರ ಬರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುವ ಗ್ರಾಹಕನಿಗೆ ಇದು ಎದುರಾಗುವುದೇ ಇಲ್ಲ. ಹೀಗಾಗಿ ಅವನು ನೀಡಿದ ಐದು ನಕ್ಷತ್ರಗಳು ನಮ್ಮ ಪಾಲಿಗೆ ಪೂರ್ತಿ ಐದಲ್ಲ.

ನಮ್ಮ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ಸಂಘವೂ ಇಂತಹ ಒಂದು ಸೇವೆಯನ್ನು ಆಯ್ದುಕೊಂಡಿತ್ತು. ಸದಸ್ಯರು ತಮ್ಮ ಮನೆಗಳಲ್ಲಿದ್ದ ಹಳೆಯ ನಾಟಕ, ನಾಡಹಬ್ಬ, ವಸಂತೋತ್ಸವಗಳ ಚಿತ್ರಗಳನ್ನು ಏರಿಸಲಿ ಎಂಬುದು ಉದ್ದೇಶ. ಅಭಿಪ್ರಾಯಗಳು ಚೆನ್ನಾಗಿದ್ದವು, ಜೋಡಣೆಯೂ ಒಂದೇ ಸಂಜೆಯಲ್ಲಿ ಮುಗಿಯಿತು. ನಾವೂ ಮೆಚ್ಚಿ ಅಭಿಪ್ರಾಯ ಬರೆದೆವು. ಹಿರಿಯ ಸದಸ್ಯರು ಮೊಮ್ಮಕ್ಕಳ ನೆರವಿನಿಂದ ಚಿತ್ರಗಳನ್ನು ಏರಿಸಿ, ಯಾವ ನಾಟಕ, ಯಾವ ವರ್ಷ, ವೇದಿಕೆಯ ಮೇಲೆ ಯಾರು ಎಂಬುದನ್ನು ಕಡತದ ಹೆಸರಿನಲ್ಲಿಯೇ ಕನ್ನಡದಲ್ಲಿ ಬರೆದಿದ್ದರು.

ಮುಂದೆ ಆ ಸೇವೆಯ ಉಚಿತ ಯೋಜನೆ ನಿಂತಿತು. ಕೊಟ್ಟ ಅವಧಿಯೊಳಗೆ ಕಡತಗಳನ್ನೆಲ್ಲ ಇಳಿಸಿಕೊಂಡೆವು. ಚಿತ್ರಗಳು ಬಂದವು, ಹೆಸರುಗಳು ಬರಲಿಲ್ಲ. ಕನ್ನಡದ ಹೆಸರುಗಳ ಜಾಗದಲ್ಲಿ ಅಂಕಿಗಳ ಸಾಲುಗಳಿದ್ದವು. ಹಿರಿಯರನ್ನು ಭಾನುವಾರಗಳಂದು ಕೂರಿಸಿಕೊಂಡು ಒಂದೊಂದೇ ಚಿತ್ರ ತೋರಿಸಿ ಮತ್ತೆ ಬರೆದುಕೊಂಡೆವು. ಕೆಲವು ಚಿತ್ರಗಳಲ್ಲಿರುವವರನ್ನು ಗುರುತಿಸಬಲ್ಲವರು ಅಷ್ಟರಲ್ಲಿ ನಮ್ಮನ್ನು ಅಗಲಿದ್ದರು. ಆ ಚಿತ್ರಗಳು ಇಂದಿಗೂ ಹೆಸರಿಲ್ಲದೆ ಉಳಿದಿವೆ. ಸೇವೆಯವರು ನಿಯಮ ಮುರಿದಿರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ. ಸೇರಿದ ಸಂಭ್ರಮದಲ್ಲಿ ಬರೆದ ನಮ್ಮ ಅಭಿಪ್ರಾಯವನ್ನು ನಂಬಿ ಬೇರೆ ಯಾವುದಾದರೂ ಸಂಘ ಅದನ್ನೇ ಆಯ್ದುಕೊಂಡಿತೋ ಏನೋ ಎಂಬ ಅಳುಕು ಇಂದಿಗೂ ನಮಗಿದೆ. ಈ ಲೇಖನಕ್ಕೆ ಅದೂ ಒಂದು ಕಾರಣ.

ಸ್ಥಳ ಮತ್ತು ಹೊಣೆ

ಕಡತಗಳು ಎಲ್ಲಿರುತ್ತವೆ ಎಂಬುದು ವೇಗಕ್ಕೂ ಕಾನೂನಿಗೂ ಸಂಬಂಧಿಸಿದ ಪ್ರಶ್ನೆ. ನಾವು ನೆಲೆಸಿರುವ ನಗರಗಳಲ್ಲಿಯೇ ಇಂದು ದೊಡ್ಡ ಉಗ್ರಾಣಗಳಿವೆ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ ಹಾಗೂ ಮುಂಬಯಿಗಳಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಗೂಗಲ್ 2017ರಲ್ಲಿ ಮುಂಬಯಿಗೆ, 2021ರಲ್ಲಿ ದೆಹಲಿಗೆ ಬಂದಿತು. ಆದರೂ ಏರಿಸುವ ಸೇವೆಯು ಅಮೆರಿಕದ್ದೋ ಯುರೋಪಿನದೋ ಆಗಿದ್ದರೆ, ಸ್ಥಳವನ್ನು ಆರಿಸಲು ಅವಕಾಶವಿದೆಯೇ ಎಂದು ವಿಚಾರಿಸುವುದು ಅಗತ್ಯ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲ್ಪಟ್ಟಿವೆ. ಕಾಯಿದೆಯ ಪ್ರಕಾರ ಜನರಿಂದ ಮಾಹಿತಿ ಪಡೆದ ಸಂಸ್ಥೆಯು ಆ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿದ್ದರೂ ಹೊಣೆ ಅದರದೇ. ಹದಿನೆಂಟು ತುಂಬದ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ವಯಸ್ಸಿನ ದಾಖಲೆ ಕೇಳುವ ಸಂಘಸಂಸ್ಥೆಗಳು ಇದನ್ನು ಗಮನದಲ್ಲಿಡಬೇಕು.

ಆಯ್ಕೆಗೆ ಮುನ್ನ ಗಮನಿಸಬೇಕಾದವು

1. ಅಭಿಪ್ರಾಯ ಬರೆದವರು ಎಷ್ಟು ಕಾಲ ಸೇವೆಯನ್ನು ಬಳಸಿದ್ದಾರೆ ಎಂಬುದನ್ನು ನೋಡಬೇಕು. ಎರಡು ವರ್ಷ ಮೀರಿದವರ ಮಾತನ್ನು ಮೊದಲು ಓದಬೇಕು.

2. ಸೇವೆಯನ್ನು ಬಿಟ್ಟುಹೋದವರ ಅಭಿಪ್ರಾಯಗಳನ್ನು ಹುಡುಕಬೇಕು. ಕಡತಗಳನ್ನು ಮೂಲ ಹೆಸರಿನೊಂದಿಗೆ ಒಟ್ಟಾಗಿ ಇಳಿಸಿಕೊಳ್ಳಲು ಸಾಧ್ಯವಾಯಿತೇ ಎಂಬುದೇ ಮುಖ್ಯ ಪ್ರಶ್ನೆ.

3. ತಮ್ಮ ಬಳಕೆಯ ಅಂದಾಜನ್ನು ಇಡುವ ಗಾತ್ರದಿಂದ ಮಾತ್ರವಲ್ಲದೆ ಸಾಗಣೆಯ ಗಾತ್ರದಿಂದಲೂ ಲೆಕ್ಕ ಹಾಕಬೇಕು.

4. ಕಡತಗಳ ವಿಳಾಸವು ತಮ್ಮ ಸ್ವಂತ ಜಾಲತಾಣದ ಹೆಸರಿನಲ್ಲಿರುವಂತೆ, ಉಗ್ರಾಣದ ಖಾತೆ ತಮ್ಮದೇ ಆಗಿರುವಂತೆ ನೋಡಿಕೊಳ್ಳಬೇಕು. ಆಗ ಬಾಗಿಲು ಬದಲಾದರೂ ಸಾಮಾನು ತಮ್ಮಲ್ಲಿಯೇ ಉಳಿಯುತ್ತದೆ.

5. ಕನ್ನಡದ ಉದ್ದನೆಯ ಹೆಸರಿರುವ ಹತ್ತು ಕಡತಗಳನ್ನು ಏರಿಸಿ, ಮರಳಿ ಇಳಿಸಿ ನೋಡಬೇಕು.

6. ಸೇವೆ ಎಷ್ಟೇ ಉತ್ತಮವಾಗಿರಲಿ, ಮೂಲ ಪ್ರತಿಯೊಂದನ್ನು ಹಾಗೂ ಹೆಸರು, ವರ್ಷ, ವಿವರಗಳ ಪಟ್ಟಿಯೊಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ಗ್ರಾಹಕರ ಅಭಿಪ್ರಾಯವೆಂಬುದು ದಾರಿ ತಿಳಿದವರು ಹೇಳುವ ಗುರುತಿನಂತೆ. ಅದನ್ನು ಕೇಳದೆ ಹೊರಡುವುದೂ ಸಲ್ಲದು, ಹೇಳಿದವರು ಎಲ್ಲಿಯವರೆಗೆ ಹೋಗಿ ಬಂದವರು ಎಂದು ವಿಚಾರಿಸದೆ ನಂಬುವುದೂ ಸಲ್ಲದು. ಇಂತಹ ಸೇವೆಗಳನ್ನು ಬಳಸಿ ಅನುಭವವಿರುವ ನಮ್ಮ ಕನ್ನಡ ಕುಟುಂಬಗಳ ತಂತ್ರಜ್ಞ ಯುವಕ ಯುವತಿಯರು, ಸೇರಿದ ದಿನದಂದು ಬರೆಯುವಂತೆಯೇ ಬಿಟ್ಟ ದಿನದಂದೂ ನಾಲ್ಕು ಸಾಲು ಬರೆಯಲೆಂಬುದು ನಮ್ಮ ವಿನಂತಿ. ಹಾಗೆಯೇ ಹಳೆಯ ಚಿತ್ರಗಳನ್ನು ಜೋಪಾನ ಮಾಡಿರುವ ಹಿರಿಯರು ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ವರ್ಷಗಳನ್ನು ಪೆನ್ಸಿಲಿನಲ್ಲಿ ಬರೆದಿಡಲಿ. ಆ ಬರಹವನ್ನು ಅಳಿಸುವ ಅಧಿಕಾರ ಯಾವ ಸೇವೆಗೂ ಇರುವುದಿಲ್ಲ.